ಕೇಂದ್ರದ ಅಪ್ಪಣೆಗಾಗಿ ಕಾಯಿರಿ

ನಮ್ಮ ಗಣಿ ಕ್ಯಾಂಪಿನಲ್ಲಿ ಮನುಷ್ಯ ಉಸಿರಾಡಬೇಕಾದರೆ ಬಳ್ಳಾರಿಯ ಒಂದು ಕೋಣೆಯಿಂದ ಅಪ್ಪಣೆ ಬರಬೇಕು. ಹೀಗೆಂದರೆ ಹೊರಗಿನವರು ನಗುತ್ತಾರೆ. ನಗಲಿ. ಅವರ ಮನೆಯಲ್ಲಿ ಯಾರಿಗೂ ಅದಿರಿನ ಧೂಳು ಕುಡಿದು ಎದೆ ಕಲ್ಲಾಗಿಲ್ಲ, ಅದಕ್ಕೇ ನಗು ಬರುತ್ತದೆ.

ಗುಡ್ಡಗಳನ್ನು ಕೊರೆದು ಮುಗಿಸಿ, ಗುಡ್ಡದ ಬುಡದ ಮಣ್ಣನ್ನೂ ಜರಡಿ ಹಿಡಿದು ಮುಗಿಸಿದ ಮೇಲೆ, ಅದಿರು ಪುಡಿ ಮಾಡುವ ಕ್ರಷರುಗಳಲ್ಲಿ ದುಡಿದ ಒಂದಿಡೀ ತಲೆಮಾರು ಮನೆಗೆ ಬಂದು ಮಂಚದ ಮೇಲೆ ಕೂತಿತು. ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತಿತ್ತು, ಹಾಗಾಗಿ ಕೂತೇ ಇರುತ್ತಿದ್ದರು. ಮೊದಮೊದಲು ಆಮ್ಲಜನಕದ ಸಿಲಿಂಡರು ಬರುತ್ತಿತ್ತು. ಆಮೇಲೆ ಸರಕಾರದವರು ಉಸಿರುಪೆಟ್ಟಿಗೆ ತಂದರು. ಅದು ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಸೋಸಿ, ಆಮ್ಲಜನಕವನ್ನಷ್ಟೇ ಮೂಗಿನ ನಳಿಕೆಗೆ ತಳ್ಳುತ್ತದೆ. ಪೆಟ್ಟಿಗೆ ಬಂತೆಂದು ಸಿಲಿಂಡರುಗಳನ್ನು ಲಾರಿಗೆ ತುಂಬಿಕೊಂಡು ಹೋದರು. ಇಡೀ ಜಿಲ್ಲೆಯ ಪೆಟ್ಟಿಗೆಗಳನ್ನು ನೋಡಿಕೊಳ್ಳಲು ಬಳ್ಳಾರಿಯಲ್ಲಿ ಒಂದು ಉಸಿರು ನಿಯಂತ್ರಣ ಕೇಂದ್ರ ಮಾಡಿದರು. ಜನ ಅದನ್ನು ಉಸಿರಾಫೀಸು ಅನ್ನುತ್ತಾರೆ.

ಪೆಟ್ಟಿಗೆಯೊಳಗಿನ ಬೋರ್ಡನ್ನು ಮಾಡಿದವಳು ನಾನು, ಹುಲಿಗೆಮ್ಮ. ನನ್ನ ಅಣ್ಣ ಹೊನ್ನೂರಪ್ಪ ಅದೇ ಪೆಟ್ಟಿಗೆಯ ಮೇಲೆ ಬದುಕಿದ್ದಾನೆ. ಅವನಿಗೆ ಅದನ್ನು ಕಂಡರಾಗದು, ಆಗಾಗ ನನ್ನನ್ನು ಕಂಡರೂ ಆಗದು.

ಉಸಿರಾಫೀಸಿನ ಹಿಂದುಗಡೆ, ಜನರೇಟರಿನ ಪಕ್ಕ ನನ್ನ ಕೋಣೆ. ಅಲ್ಲಿ ಕೂತು ಬೆಂಕಿಪೊಟ್ಟಣದಷ್ಟು ದೊಡ್ಡ ಬೋರ್ಡಿನೊಳಗೆ ಒಂದು ವೆಬ್ ಸರ್ವರ್ ಕೂರಿಸಿದೆ. ವೆಬ್ ಸರ್ವರ್ ಅಂದರೆ ಬಾಗಿಲಿಗೆ ಬಂದು ಕೇಳಿದವರಿಗೆ ಪುಟ ಕೊಡುವ ಆಳು, ಅಷ್ಟೇ. ಊರಲ್ಲಿರುವ ದೊಡ್ಡ ಸರ್ವರುಗಳಿಗೆ ದೊಡ್ಡ ಹೊಟ್ಟೆ. ನನ್ನ ಬೋರ್ಡಿನ ಹೊಟ್ಟೆಯಲ್ಲಿ ಒಂದು ಮದುವೆ ಫೋಟೋ ಕೂಡ ಹಿಡಿಯುವುದಿಲ್ಲ. ಬೇಡದ್ದನ್ನೆಲ್ಲ ಕಿತ್ತು ಹಾಕಿದೆ. ಬಣ್ಣ ಬೇಡ, ಚಿತ್ರ ಬೇಡ, ಬರೀ ಕನ್ನಡ ಅಕ್ಷರ. ಮನೆಯವರು ಫೋನಿನಲ್ಲಿ ಪೆಟ್ಟಿಗೆಯ ವಿಳಾಸ ಒತ್ತಿದರೆ ಗಾಳಿ ಎಷ್ಟು ಹೋಗುತ್ತಿದೆ, ಜರಡಿ ಯಾವಾಗ ಬದಲಿಸಬೇಕು, ಮೋಟಾರು ಬಿಸಿಯಾಗಿದೆಯೋ ಇಲ್ಲವೋ ಎಲ್ಲ ಕಾಣಬೇಕು. ಗುಪ್ತಪದ ಹಾಕಿದರೆ ಗಾಳಿಯನ್ನು ಹೆಚ್ಚು ಕಡಿಮೆ ಮಾಡಿಕೊಳ್ಳಲು ಬರಬೇಕು. ನಾನು ಮಾಡಿದ್ದು ಇದನ್ನು. ಚೆನ್ನಾಗಿಯೇ ಮಾಡಿದ್ದೆ, ಯಾಕೆ ಸಂಕೋಚ ಪಡಲಿ?

ಇದನ್ನು ಹಾಳು ಮಾಡಿದವರು ನಮ್ಮ ನಿರ್ದೇಶಕರಾದ ಚಂದ್ರಮೌಳಿಯವರು. ಮೈಸೂರಿನ ಕಡೆಯವರು, ಇಸ್ತ್ರಿ ಮಾಡಿದ ಮನುಷ್ಯ. ಎಂದೂ ದನಿ ಎತ್ತಿದವರಲ್ಲ, ಹಾಗಾಗಿ ಅವರ ಜೊತೆ ಜಗಳವಾಡಿದವರೆಲ್ಲ ಗಯ್ಯಾಳಿಗಳಂತೆ ಕಾಣುತ್ತಿದ್ದರು. ನಾನಂತೂ ಹಾಗೆ ಕಾಣುವುದಕ್ಕೆ ಹೆದರಿದವಳಲ್ಲ.

ಮೊದಲನೆಯ ಜಗಳ ಗುಪ್ತಪದದ್ದು. ಮನೆಯವರು ತಮ್ಮ ಗುಪ್ತಪದ ತಾವೇ ಇಟ್ಟುಕೊಳ್ಳಲಿ ಅಂದಿದ್ದೆ. ನಮ್ಮ ಜನ ಏನು ಮಾಡಿದರು? ಎಲ್ಲರೂ ಮನೆದೇವರ ಹೆಸರಿಟ್ಟರು. ಯರ್ರಿಸ್ವಾಮಿ, ಕುಮಾರಸ್ವಾಮಿ, ಇಲ್ಲವೇ ಹುಲಿಗೆಮ್ಮ. ನನ್ನ ಹೆಸರು ಹೇಳಿದರೆ ಅರ್ಧ ಜಿಲ್ಲೆಯ ಪೆಟ್ಟಿಗೆ ತೆರೆದುಕೊಳ್ಳುತ್ತಿತ್ತು. ಯಾರೋ ಪಡ್ಡೆ ಹುಡುಗರು ಪಕ್ಕದ ಮನೆಯ ಪೆಟ್ಟಿಗೆ ತೆರೆದು ಗಾಳಿ ಹೆಚ್ಚಿಸಿ ಕುಚೇಷ್ಟೆ ಮಾಡಿದ್ದೇ ನೆಪವಾಯಿತು. ಬೇರೆ ಗುಪ್ತಪದ ಹುಟ್ಟಿಸಿ ಕೊಡುತ್ತೇನೆ ಅಂದೆ. ಕೇಳಲಿಲ್ಲ. ಮನೆಯವರಿಗೆ ಒಳಗೆ ಬರುವ ದಾರಿಯನ್ನೇ ಮುಚ್ಚಿಸಿದರು. ಅಂದಿನಿಂದ ಮನೆಯವರು ಪುಟ ನೋಡಬಹುದು, ಮುಟ್ಟುವಂತಿಲ್ಲ.

ಎರಡನೆಯ ಜಗಳ ದೊಡ್ಡದು. ಯಾವುದೋ ಸಿಗಡಿ ಸಾಕುವ ಹೊಂಡದಲ್ಲಿ ನಮ್ಮ ಪೆಟ್ಟಿಗೆಯೊಂದು ನೀರಿಗೆ ಗುಳ್ಳೆ ಬಿಡುತ್ತಾ ಕೂತಿತ್ತು. ಕದ್ದು ಮಾರಿದ್ದರು. ಚಂದ್ರಮೌಳಿಯವರಿಗೆ ಅವಮಾನವಾಯಿತು. ಇನ್ನು ಮೇಲೆ ಕೇಂದ್ರದಿಂದ ಪ್ರತಿ ಪೆಟ್ಟಿಗೆಗೂ ಐದೈದು ನಿಮಿಷಕ್ಕೆ ಒಂದು ಅಪ್ಪಣೆ ಹೋಗಬೇಕು. ಅಪ್ಪಣೆ ಬಾರದೇ ಒಂದು ತಾಸು ಕಳೆದರೆ ಪೆಟ್ಟಿಗೆ ತಾನಾಗಿ ನಿಲ್ಲಬೇಕು ಅಂದರು. ನಾನು ಕೈ ಮುಗಿದೆ, ಕೂಗಾಡಿದೆ, ಫೈಲು ಎತ್ತಿ ಕುಕ್ಕಿದೆ. ಸಂಪರ್ಕ ತಪ್ಪಿದರೆ ಪೆಟ್ಟಿಗೆ ಇದ್ದ ಹಾಗೇ ನಡೆಯುತ್ತಿರಬೇಕು, ಕೊನೆಗೆ ಮನೆಯಲ್ಲಿ ಒಂದು ಗುಂಡಿಯಾದರೂ ಇರಲಿ ಅಂದೆ.

"ಯಜಮಾನ ಮನೇಲಿಲ್ಲ ಅಂದ್ರೆ ಆಳು ಬಾಗಿಲು ಹಾಕ್ಕೊಂಡು ಕೂತಿರ್ಬೇಕು ಕಣ್ರೀ ಹುಲಿಗೆಮ್ಮ," ಅಂದರು.

"ಒಳಗ ಮನುಷ್ಯ ಇದ್ದರ, ಸರ್?"

"ಕೇಂದ್ರದಲ್ಲಿ ಎರಡು ಯಂತ್ರ ಇದೆ. ಒಂದು ಕೆಟ್ಟರೆ ಇನ್ನೊಂದು. ಕರೆಂಟ್ ಹೋದ್ರೆ ಜನರೇಟರ್. ಕೇಂದ್ರ ನಿಲ್ಲೋದೇ ಇಲ್ಲ ಅಂದ್ಮೇಲೆ ನಿಂತ್ರೆ ಏನು ಅಂತ ಯಾಕೆ ಕೇಳ್ತೀರಿ?"

ನಿಂತ ಪೆಟ್ಟಿಗೆಯ ಪುಟದಲ್ಲಿ ಏನು ಬರಬೇಕು ಎಂಬುದನ್ನೂ ಅವರೇ ಹೇಳಿ ಬರೆಸಿದರು. "ಕೇಂದ್ರದ ಅಪ್ಪಣೆಗಾಗಿ ಕಾಯಿರಿ." ನಾನು ಆಸ್ಪತ್ರೆಯ ನಂಬರಾದರೂ ಹಾಕೋಣ ಅಂದೆ. ಜನ ಗಾಬರಿ ಬೀಳುತ್ತಾರೆ, ಬೇಡ ಅಂದರು. ಮೊದಲು "ಕಾಯಿ" ಎಂದಿದ್ದದ್ದನ್ನು ತಿದ್ದಿ "ಕಾಯಿರಿ" ಮಾಡಿಸಿದರು, ಬಡವರಿಗೂ ಮರ್ಯಾದೆ ಕೊಡಬೇಕಂತೆ. ಆ ಮರ್ಯಾದೆಗೆ ಬೆಂಕಿ ಬೀಳಲಿ.

ಮನೆಯಲ್ಲಿ ನನ್ನ ಸ್ಥಿತಿ ಹೇಳುವುದೇ ಬೇಡ. ಅಣ್ಣ ಕ್ರಷರಿನಲ್ಲಿ ಫಿಟ್ಟರಾಗಿದ್ದವನು. ಆಳೆತ್ತರದ ಯಂತ್ರಗಳ ಹೊಟ್ಟೆ ಬಿಚ್ಚಿ ಜೋಡಿಸಿದ ಕೈ ಅವನದು. ಈಗ ಎರಡು ಮಾರು ನಳಿಕೆಯ ಅಳತೆಯಲ್ಲಿ ಅವನ ಲೋಕ ಮುಗಿಯುತ್ತದೆ. ಅಂಗಳದ ತನಕ ನಳಿಕೆ ಸಾಲುವುದಿಲ್ಲ. ಪೆಟ್ಟಿಗೆಯನ್ನೇ ಎತ್ತಿಕೊಂಡು ಚಹದಂಗಡಿಗೆ ಹೋಗೋಣವೆಂದರೆ, ಮನೆಯಿಂದ ಆಚೆ ಒಯ್ದರೆ ಅದು ಕಳವಾಯಿತೆಂದು ತಿಳಿದು ನಿಲ್ಲುತ್ತದೆ. ನನ್ನ ಮುಖ ಕಂಡಾಗಲೆಲ್ಲ ಅವನದು ಒಂದೇ ಮಾತು.

"ಅರವತ್ತು ವರ್ಷ ಯಾರನ್ನೂ ಕೇಳದಂಗ ಉಸಿರಾಡೀನಿ. ಈಗ ನಿನ್ನ ಆಫೀಸಿನ ಅಪ್ಪಣಿ ಬೇಕು ನೋಡು ನನಗ."

ಅತ್ತಿಗೆ ಯರ್ರಮ್ಮನದು ಇನ್ನೊಂದು ಧಾಟಿ. ನನ್ನನ್ನು ಇಂಜಿನಿಯರಮ್ಮ ಎಂದೇ ಕರೆಯುತ್ತಿದ್ದಳು, ಬೈಗುಳದ ಹಾಗೆ. ಮಡಿ ಮೈಲಿಗೆಯಲ್ಲಿ ಬಲು ಬಿಗಿ. ಹಿಂದಿನ ವರ್ಷದ ಆಯುಧಪೂಜೆಯ ದಿನ ಪೂಜೆಗಿಟ್ಟ ಚಾಕುವನ್ನು ತೆಗೆದು ನಾನು ಸೇಬು ಹೆಚ್ಚಿದ್ದೆ. ಆಯುಧಪೂಜೆಗೆ ಇಟ್ಟದ್ದನ್ನು ಮಾರನೆಯ ದಿನ ದಶಮಿಯ ಪೂಜೆಯಾಗುವ ತನಕ ಮುಟ್ಟಬಾರದು, ಅವತ್ತು ಕಬ್ಬಿಣಕ್ಕೆ ರಜೆ. ನನಗೆ ಅದು ಗೊತ್ತಿಲ್ಲವೆಂದಲ್ಲ, ಹಸಿವಾಗಿತ್ತು. ದೀಪಾವಳಿಯ ತನಕ ಅವಳು ನನ್ನ ಜೊತೆ ಮಾತು ಬಿಟ್ಟಳು. ಊಟಕ್ಕೆ ತಟ್ಟೆ ಇಟ್ಟು ಗೋಡೆಗೆ ಹೇಳುತ್ತಿದ್ದಳು, ಬಡಿಸಿದ್ದಾಗಿದೆ ಅಂತ.

ನಮ್ಮ ಹಿಂದಿನ ಓಣಿಯಲ್ಲಿ ಅಣ್ಣನ ಜೋಡಿ ಗಾದಿಲಿಂಗಪ್ಪ ಇದ್ದ. ಇಬ್ಬರೂ ಒಂದೇ ಕ್ರಷರಿನಲ್ಲಿ ಧೂಳು ತಿಂದವರು. ಆದರೆ ಗಾದಿಲಿಂಗಪ್ಪ ಮೆತ್ತನೆಯ ಮನುಷ್ಯ, ಎದುರು ಮಾತಾಡಿ ಗೊತ್ತಿಲ್ಲ. ಪೆಟ್ಟಿಗೆಯ ಮೇಲೆ ಕಸೂತಿ ಬಟ್ಟೆ ಹೊದಿಸಿದ್ದ. ಯಾರೂ ಬಿಚ್ಚದಂತೆ ಕೇಂದ್ರದವರು ಹಾಕಿದ ಸೀಲಿನ ಮೇಲೆ ಧೂಳು ಕೂರದಂತೆ ದಿನಾ ಒರೆಸುತ್ತಿದ್ದ. ಇಬ್ಬರೂ ಫೋನಿನಲ್ಲಿ ಒಬ್ಬರಿಗೊಬ್ಬರು ತಮ್ಮ ಪೆಟ್ಟಿಗೆಯ ಪುಟ ಓದಿ ಹೇಳುತ್ತಿದ್ದರು, ಇವತ್ತು ನನಗೆ ಇಷ್ಟು ಗಾಳಿ, ನಿನಗೆಷ್ಟು ಎಂದು. ಅಣ್ಣ ನಗುತ್ತಿದ್ದದ್ದು ಆಗ ಮಾತ್ರ.

ಪ್ರತಿ ವರ್ಷ ಉಸಿರಾಫೀಸಿನಲ್ಲೂ ಆಯುಧಪೂಜೆ ನಡೆಯುತ್ತದೆ. ಒಂದು ಯಂತ್ರಕ್ಕೆ ಪೂಜೆ ಮಾಡುವಾಗ ಇನ್ನೊಂದು ನಡೆಯುತ್ತಿರುತ್ತದೆ, ದಶಮಿಯ ದಿನ ಅದಕ್ಕೆ ಪೂಜೆ. ಹೀಗೆ ಒಂದೂ ಅಪ್ಪಣೆ ತಪ್ಪಿದ್ದಿಲ್ಲ. ಆ ವರ್ಷ ಚಂದ್ರಮೌಳಿಯವರ ತಲೆಗೆ ಹೊಸದೊಂದು ಹೊಳೆಯಿತು. ಬೆಂಗಳೂರಿನಿಂದ ದೊಡ್ಡ ಅತಿಥಿಯೊಬ್ಬರು ಬರುವವರಿದ್ದರು. ಎರಡೂ ಯಂತ್ರ ಬಂದ್ ಮಾಡಿ, ನಿಯಂತ್ರಣ ಕೋಣೆಯನ್ನು ಕತ್ತಲೆ ಮಾಡಿ, ಅತಿಥಿಗಳು ಮಂಗಳಾರತಿ ಎತ್ತಿ ಗುಂಡಿ ಒತ್ತಿದ ಕೂಡಲೇ ಗೋಡೆಯ ನಕ್ಷೆಯಲ್ಲಿ ಜಿಲ್ಲೆಯ ಪೆಟ್ಟಿಗೆಗಳೆಲ್ಲ ಹಸಿರು ಚುಕ್ಕೆಗಳಾಗಿ ಒಂದೊಂದೇ ಬೆಳಗಬೇಕು. ಕ್ಯಾಮೆರಾದವರಿಗೆ ಹೇಳಿಯಾಗಿತ್ತು.

ನಾನು ಅವರ ಕೋಣೆಗೆ ಹೋಗಿ, ತಾಸು ಮೀರಿದರೆ ಜನ ಸಾಯುತ್ತಾರೆ ಎಂದು ಬಾಯಿಬಿಟ್ಟೇ ಹೇಳಿದೆ. ಹಬ್ಬದ ಮುಂದೆ ಇಂಥ ಮಾತಾಡಬಾರದು ಅಂದರು. ಪೂಜೆಗೆ ಇಪ್ಪತ್ತು ನಿಮಿಷ ಸಾಕು, ಒಂದು ತಾಸಿನ ಬಿಡುವು ಇದ್ದೇ ಇದೆಯಲ್ಲ, ಅದನ್ನು ಬೋರ್ಡಿನಲ್ಲಿ ಬರೆದವರು ನೀವೇ ಅಲ್ಲವೇ ಎಂದು ನನಗೇ ತಿರುಗಿಸಿದರು. ಒಂದು ಯಂತ್ರವನ್ನಾದರೂ ಪರದೆಯ ಹಿಂದೆ ಚಾಲೂ ಇಡಿ ಅಂದೆ. ನಕ್ಷೆ ಪೂರ್ತಿ ಆರದಿದ್ದರೆ ಬೆಳಗುವುದು ಹೇಗೆ ಅಂದರು. ಕೊನೆಗೆ, ಹಬ್ಬಕ್ಕೆ ರಜೆ ತಗೊಂಡು ಮನೆಯಲ್ಲಿ ಆರಾಮಾಗಿರಿ, ನಿಮ್ಮ ಮುಖದ ಗಂಟು ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದು ನಗುತ್ತಲೇ ಹೇಳಿದರು.

ಹಬ್ಬದ ಬೆಳಿಗ್ಗೆ ಅಣ್ಣ ತಾನೇ ಪೂಜೆ ಮಾಡಿದ. ನಳಿಕೆ ಎಳೆದುಕೊಂಡು ಬಂದು ದೇವರ ಮೂಲೆಯಲ್ಲಿ ಕೂತ. ಕ್ರಷರಿನ ಕಾಲದ ಸ್ಪ್ಯಾನರುಗಳು, ಸುತ್ತಿಗೆ, ಕಟ್ಟಿಂಗ್ ಪ್ಲೇಯರ್, ಸ್ಕ್ರೂಡ್ರೈವರುಗಳು ಎಣ್ಣೆ ಹಚ್ಚಿಸಿಕೊಂಡು ಸಾಲಾಗಿ ಮಲಗಿದ್ದವು. ಅತ್ತಿಗೆ ನನ್ನ ಚೀಲವನ್ನೂ ಬಿಟ್ಟಿರಲಿಲ್ಲ. ನನ್ನ ಬೆಸುಗೆ ಕಡ್ಡಿ, ಮೀಟರು, ಚಿಮಟ ಎಲ್ಲ ಹೊರತೆಗೆದು ಕುಂಕುಮ ಹಚ್ಚಿ ಚೆಂಡುಹೂವು ಏರಿಸಿದ್ದಳು. ಈ ಸಲ ಚಾಕುವನ್ನು ಎಲ್ಲಕ್ಕಿಂತ ಹಿಂದೆ, ದೇವರ ಪಟದ ಬುಡದಲ್ಲಿ ಇಟ್ಟಿದ್ದಳು, ನನಗೆ ಎಟುಕಬಾರದೆಂದು. ಬೂದುಗುಂಬಳ ಒಡೆದಾಯಿತು. ಅಣ್ಣ ಮಂಚಕ್ಕೆ ಹೋಗಿ ಕೂತ.

ಉಸಿರಾಫೀಸಿನಲ್ಲಿ ಹತ್ತಕ್ಕೆ ಪೂಜೆ ಅಂದಿದ್ದರು. ಹತ್ತಾದ ಮೇಲಿಂದ ನಾನು ಅಣ್ಣನ ಪೆಟ್ಟಿಗೆಯ ಪುಟ ತೆರೆದಿಟ್ಟುಕೊಂಡೇ ಇದ್ದೆ. "ಕೊನೆಯ ಅಪ್ಪಣೆ" ಎಂಬ ಸಾಲು ಹತ್ತು ಗಂಟೆಗೇ ನಿಂತಿತ್ತು. ಹತ್ತೂವರೆಯಾಯಿತು, ಅಲುಗಲಿಲ್ಲ. ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದೆ. ಕೊನೆಗೆ ನಿಯಂತ್ರಣ ಕೋಣೆಯಲ್ಲಿ ಕೆಲಸ ಮಾಡುವ ಶಂಷಾದ್ ಎತ್ತಿದಳು. ಹಿಂದೆ ನಾದಸ್ವರ. ಅತಿಥಿಗಳು ಇನ್ನೂ ಬಂದಿಲ್ಲ, ಕೂಡ್ಲಿಗಿಯಲ್ಲಿ ಯಾರೋ ಹಾರ ಹಾಕಲು ನಿಲ್ಲಿಸಿಕೊಂಡಿದ್ದರಂತೆ, ಒಳಗೆ ಕತ್ತಲೆ ಅಂದಳು. ನೀನೇ ಹೋಗಿ ಯಂತ್ರ ಚಾಲೂ ಮಾಡು ಅಂದೆ. ಅವಳ ದನಿ ಇಳಿಯಿತು.

"ಮೇಡಂ, ಗುಂಡಿ ಮ್ಯಾಲ ಹಾರ ಹಾಕ್ಯಾರ. ಬೆಂಗಳೂರ ಸಾಹೇಬರು ಬಂದು ತೆಗೆಯೋ ತನಕ ಯಾರೂ ಮುಟ್ಟಂಗಿಲ್ಲ ಅಂದಾರ. ಅದರಾಗ ನಾನು ಮುಟ್ಟಿದ್ರ ಏನಾಗ್ತೈತಿ ನಿಮಗಽ ಗೊತ್ತು."

ಗೊತ್ತಿತ್ತು. ಫೋನು ಚಂದ್ರಮೌಳಿಯವರಿಗೆ ಕೊಡು ಅಂದೆ. ನಾನು ಏನೇನು ಬೈದೆ ಎಂದು ಇಲ್ಲಿ ಬರೆಯಲಾರೆ. ಅವರು ಪೂರ್ತಿ ಕೇಳಿಸಿಕೊಂಡರು.

"ಹತ್ತು ನಿಮಿಷ ಅಷ್ಟೆ. ಬೈಪಾಸ್ ದಾಟಿದ್ದಾರಂತೆ. ಪೂಜೆಗಿಟ್ಟಿದ್ದನ್ನ ಮಧ್ಯದಲ್ಲಿ ಎತ್ತಬಾರದು ಅಂತ ನಿಮಗೂ ಗೊತ್ತಿದೆಯಲ್ಲ," ಅಂದರು. ಫೋನು ಇಟ್ಟರು.

ನಾನು ತಿರುಗುವಷ್ಟರಲ್ಲಿ ತಾಸು ತುಂಬಿ ಪೆಟ್ಟಿಗೆ ನಿಂತಿತು. ದೊಡ್ಡ ಸದ್ದೇನಿಲ್ಲ. ಗುರ್ ಎನ್ನುತ್ತಿದ್ದದ್ದು ಒಂದು ಸಲ ಕೆಮ್ಮಿ ಸುಮ್ಮನಾಯಿತು, ಓಣಿಯ ಸದ್ದೆಲ್ಲ ಒಳಗೆ ಕೇಳತೊಡಗಿತು. ಅಣ್ಣ ನಳಿಕೆಯನ್ನು ಮೂಗಿಗೆ ಒತ್ತಿ ಹಿಡಿದು ನನ್ನನ್ನು ನೋಡಿದ. ನನ್ನ ಫೋನಿನಲ್ಲಿ ಆ ಸಾಲು ಬಂತು: ಕೇಂದ್ರದ ಅಪ್ಪಣೆಗಾಗಿ ಕಾಯಿರಿ.

ನಾನು ಪೆಟ್ಟಿಗೆಯನ್ನು ಗೋಡೆಯಿಂದ ಎಳೆದು ತಿರುಗಿಸಿದೆ. ಮಾಡಬೇಕಾದದ್ದು ಸಣ್ಣದು. ಬೋರ್ಡಿನಲ್ಲಿ ರಿಲೇ ಎಂಬ ಒಂದು ಸ್ವಿಚ್ಚಿದೆ. ಅಪ್ಪಣೆ ಇದ್ದರೆ ಅದು ಮೋಟಾರಿಗೆ ಕರೆಂಟು ಬಿಡುತ್ತದೆ, ಇಲ್ಲದಿದ್ದರೆ ತಡೆಯುತ್ತದೆ. ರಿಲೇಗೆ ಬರುವ ಎರಡು ದಪ್ಪ ಕೆಂಪು ತಂತಿಗಳನ್ನು ಕತ್ತರಿಸಿ ನೇರ ಜೋಡಿಸಿದರೆ ಮೋಟಾರು ಯಾರನ್ನೂ ಕೇಳದೆ ನಡೆಯುತ್ತದೆ. ಆದರೆ ಸೀಲು ಒಡೆಯಬೇಕು. ಒಡೆದ ಪೆಟ್ಟಿಗೆಯನ್ನು ಕೇಂದ್ರ ಮತ್ತೆಂದೂ ಸೇರಿಸುವುದಿಲ್ಲ. ಅದೆಲ್ಲ ಆಮೇಲಿನ ಮಾತು. ಮೊದಲು ಸ್ಕ್ರೂ ಬಿಚ್ಚಬೇಕಿತ್ತು, ಬಿಚ್ಚುವ ಸಾಮಾನೆಲ್ಲ ದೇವರ ಮುಂದಿತ್ತು. ಉಗುರು ಹಾಕಿ ನೋಡಿದೆ, ಚಮಚ ತುರುಕಿ ನೋಡಿದೆ. ಅಣ್ಣನ ತುಟಿಯ ಬಣ್ಣ ತಿರುಗುತ್ತಿತ್ತು. ಮಂಚದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದ. ಅವನು ಸಾಯುತ್ತಿದ್ದಾನೆ ಎಂದು ನನಗೆ ಸ್ಪಷ್ಟವಾಗಿ ಗೊತ್ತಾಯಿತು.

ನಾನು ದೇವರ ಮೂಲೆಗೆ ಕೈ ಚಾಚುವ ಮೊದಲೇ ಯರ್ರಮ್ಮ ಅಲ್ಲಿದ್ದಳು. ಅಡ್ಡ ನಿಂತಳೆಂದೇ ತಿಳಿದು ತಳ್ಳಲು ಹೋದೆ. ಅವಳು ಹೂವಿನ ರಾಶಿಯನ್ನು ಒಂದೇ ಕೈಯಲ್ಲಿ ಬಳಿದು ಆಚೆ ಎಸೆದಳು. ದೀಪ ಉರುಳಿ ಎಣ್ಣೆ ನೆಲದ ಮೇಲೆ ಹರಿಯಿತು. ಸೆರಗಿನ ತುಂಬ ಸಾಮಾನು ತುಂಬಿಕೊಂಡು ಬಂದು ನನ್ನ ಮುಂದೆ ಸುರಿದಳು.

"ಯಾವುದು ಬೇಕು ತಗೋ. ದೇವರಿಗೆ ನಾ ಉತ್ತರ ಕೊಡ್ತೀನಿ," ಅಂದಳು.

ಕುಂಕುಮ ಹತ್ತಿದ ಸ್ಕ್ರೂಡ್ರೈವರು ಎಣ್ಣೆಗೆ ಜಾರುತ್ತಿತ್ತು. ಅವಳೇ ಸೆರಗಿನಿಂದ ಒರೆಸಿ ಕೊಟ್ಟಳು. ಸೀಲು ಒಡೆಯಿತು, ಮುಚ್ಚಳ ಬಂತು. ಪ್ಲಗ್ ಕಿತ್ತು, ತಂತಿ ಕತ್ತರಿಸಿ, ಹಲ್ಲಿನಿಂದ ಸುಲಿದು, ತಿರುಚಿ, ಅಂಟುಪಟ್ಟಿ ಸುತ್ತಿ ಮತ್ತೆ ಪ್ಲಗ್ ಹಾಕಿದೆ. ಪೆಟ್ಟಿಗೆ ಗುರ್ ಅಂತು. ಅಣ್ಣನ ಎದೆ ಮೇಲೆದ್ದು ಕೆಳಗಿಳಿಯಿತು. ಸ್ವಲ್ಪ ಹೊತ್ತು ಅಷ್ಟೇ ನಡೆಯಿತು, ನಾವಿಬ್ಬರೂ ನೆಲದ ಮೇಲೆ ಕೂತು ಅದನ್ನೇ ನೋಡಿದೆವು. ಬೋರ್ಡಿಗೆ ತನ್ನದೇ ಬ್ಯಾಟರಿ ಇದೆ. ಹಾಗಾಗಿ ಪುಟ ಮಾತ್ರ ಕಾಯಿರಿ, ಕಾಯಿರಿ ಎನ್ನುತ್ತಲೇ ಇತ್ತು.

ಮಾತು ಬಂದ ಕೂಡಲೇ ಅಣ್ಣ ಕೇಳಿದ್ದು ಒಂದೇ.

"ಗಾದಿಲಿಂಗ?"

ನಾನು ಫೋನು ಮಾಡಿದೆ. ಅವನ ಮಗ ಓಬಳೇಶ ಎತ್ತಿದ. ಪೆಟ್ಟಿಗೆ ನಿಂತಿದೆ ಮೇಡಂ, ಆದರೆ ಕಾಯಿರಿ ಅಂತ ಬಂದಿದೆ, ಅಪ್ಪನೂ ಕಾಯೋಣ ಅನ್ನುತ್ತಿದ್ದಾನೆ ಅಂದ. ಒಡಿ, ತಂತಿ ಕತ್ತರಿಸು ಎಂದು ಕಿರುಚಿದೆ. ಸೀಲು ಒಡೆದರೆ ಪೆಟ್ಟಿಗೆ ವಾಪಸು ಒಯ್ಯುತ್ತಾರೆ, ಆಮೇಲೆ ಅಪ್ಪನಿಗೆ ಏನು ಮಾಡಲಿ ಅಂದ. ಹುಡುಗ ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಆ ನಿಯಮ ಅವರ ಪೆಟ್ಟಿಗೆಯ ಮೇಲೆಯೇ ಅಚ್ಚಾಗಿತ್ತು. ಸಾಮಾನು ಬೇರೆ ಪೂಜೆಗಿಟ್ಟಿದೆ ಎಂದು ಸೇರಿಸಿದ. ನಾನು ಸ್ಕ್ರೂಡ್ರೈವರು ಹಿಡಿದುಕೊಂಡು ಓಡಿದೆ. ಯರ್ರಮ್ಮ ಇನ್ನೊಂದು ದಿಕ್ಕಿಗೆ, ಆಂಜನೇಯನ ಗುಡಿಗೆ ಓಡಿದಳು.

ಓಣಿ ತಿರುಗುವಾಗ ಗುಡಿಯ ಮೈಕಿನಲ್ಲಿ ಅವಳ ದನಿ ಕೇಳಿತು. ಪೂಜೆಗಿಟ್ಟ ಸಾಮಾನು ಎತ್ತಿಕೊಳ್ಳಿರಿ, ಪೆಟ್ಟಿಗೆ ಬಿಚ್ಚಿರಿ, ಕೆಂಪು ತಂತಿ ಎರಡನ್ನೂ ಕೂಡಿಸಿರಿ, ಮೊದಲು ಪ್ಲಗ್ ತೆಗೆಯಿರಿ ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ನಾನು ಮಾಡಿದ್ದನ್ನು ಒಂದೇ ಸಲ ನೋಡಿ ಕಲಿತುಬಿಟ್ಟಿದ್ದಳು. ಮನೆಮನೆಯಲ್ಲಿ ಜನ ಹೂವು ಕೊಡವಿ ಸ್ಪ್ಯಾನರು ಎತ್ತಿದರು. ಲಾರಿಯ ಕ್ಲೀನರುಗಳು, ಸೈಕಲ್ ಅಂಗಡಿಯವನು, ಕ್ಷೌರದಂಗಡಿಯ ನಾಗಪ್ಪ ಕೂಡ ಕತ್ತರಿ ಹಿಡಿದು ಬಂದ. ನಮ್ಮ ಕ್ಯಾಂಪಿನಲ್ಲಿ ಅಂದು ಉಳಿದವರೆಲ್ಲ ಉಳಿದದ್ದು ಹಾಗೆ.

ಗಾದಿಲಿಂಗಪ್ಪ ಕೂತೇ ಇದ್ದ. ಕೈಯಲ್ಲಿ ಫೋನಿತ್ತು, ಪುಟ ತೆರೆದಿತ್ತು. ಪೆಟ್ಟಿಗೆಯ ಮೇಲಿನ ಕಸೂತಿ ಬಟ್ಟೆಯನ್ನು ಯಾರೂ ಎತ್ತಿರಲಿಲ್ಲ. ನಾನು ಅವನ ಎದೆ ಒತ್ತಿದೆ, ಓಬಳೇಶ ಬಾಯಿಗೆ ಗಾಳಿ ಊದಿದ. ಅಷ್ಟರಲ್ಲಿ ಪೆಟ್ಟಿಗೆ ತಾನಾಗಿಯೇ ಚಾಲೂ ಆಯಿತು. ಬಳ್ಳಾರಿಯಲ್ಲಿ ಅತಿಥಿಗಳು ಬಂದು ಗುಂಡಿ ಒತ್ತಿದ್ದರು. ನಳಿಕೆಯ ತುದಿಯಿಂದ ಗಾಳಿ ಬರುತ್ತಿತ್ತು, ತೆಗೆದುಕೊಳ್ಳಲು ಅವನಿರಲಿಲ್ಲ. ಓಬಳೇಶ ಅದನ್ನು ಅಪ್ಪನ ಮೂಗಿನಿಂದ ತೆಗೆಯಲು ಒಪ್ಪಲಿಲ್ಲ.

ಗೋಡೆಯ ನಕ್ಷೆ ಬೆಳಗಿದ್ದನ್ನು ಸಂಜೆ ಟಿವಿಯಲ್ಲಿ ತೋರಿಸಿದರು. ಚಪ್ಪಾಳೆ ತಟ್ಟಿದರು. ಗಾದಿಲಿಂಗಪ್ಪನ ಒಂದು ಚುಕ್ಕೆ ಬಿಟ್ಟರೆ, ಸೀಲು ಒಡೆದ ನಮ್ಮ ಕ್ಯಾಂಪಿನ ಜಾಗ ಕಪ್ಪಾಗಿತ್ತು, ಅದೇಕೆಂದು ಯಾರೂ ಕೇಳಲಿಲ್ಲ.

ಮುಂದಿನ ವಾರ ನನ್ನನ್ನು ಅದೇ ನಿಯಂತ್ರಣ ಕೋಣೆಯಲ್ಲಿ ನಿಲ್ಲಿಸಿ ವಿಚಾರಣೆ ಮಾಡಿದರು. ಯಂತ್ರದ ಹಣೆಯಲ್ಲಿ ಕುಂಕುಮ ಇನ್ನೂ ಇತ್ತು. ಆಪಾದನೆ ನನ್ನ ಮೇಲೆ: ಸರಕಾರಿ ಪೆಟ್ಟಿಗೆಗಳ ಸೀಲು ಒಡೆಸಿದ್ದು, ಜನರನ್ನು ಕೆರಳಿಸಿದ್ದು, ಸುಲಭವಾಗಿ ಕತ್ತರಿಸಬಹುದಾದ ಜಾಗದಲ್ಲಿ ತಂತಿ ಇಟ್ಟದ್ದು. ಗಾದಿಲಿಂಗಪ್ಪನದು ಹಳೆಯ ಕಾಯಿಲೆಯಿಂದ ಬಂದ ಸಾವು ಎಂದಾಯಿತು. ಚಂದ್ರಮೌಳಿಯವರು ಬೇಸರದಿಂದ ತಲೆಯಾಡಿಸಿದರು.

"ಎಲ್ಲಾ ಹತ್ತು ನಿಮಿಷದ ಮಾತು. ಸ್ವಲ್ಪ ಕಾದಿದ್ರೆ ಎಲ್ಲಾ ಸರಿಹೋಗ್ತಿತ್ತು."

"ಈಗ ನೀವು ಹತ್ತು ನಿಮಿಷ ಮೂಗು ಬಾಯಿ ಹಿಡ್ಕೊಂಡು ಕುಂದರ್ರಿ ಸರ್. ನಾ ಇಲ್ಲೇ ಕಾಯ್ತೀನಿ," ಅಂದೆ.

ಅಲ್ಲಿಗೆ ನನ್ನ ನೌಕರಿ ಮುಗಿಯಿತು. ನನ್ನ ಕೋಣೆಯ ಬೀಗದ ಕೈ ಇಸಿದುಕೊಂಡರು. ಗೇಟಿನ ತನಕ ಶಂಷಾದ್ ಬಂದಳು. ಅವಳು ಅಳುತ್ತಿದ್ದಳು, ನನಗೆ ಸಿಟ್ಟಿನಿಂದ ಅಳುವೂ ಬರಲಿಲ್ಲ. ಒಡೆದ ಪೆಟ್ಟಿಗೆಗಳಿಗೆ ಅಪ್ಪಣೆ ಕೊಡುವುದನ್ನು ಕೇಂದ್ರ ನಿಲ್ಲಿಸಿತು. ನಮಗೇನೂ ನಷ್ಟವಾಗಲಿಲ್ಲ, ಮೋಟಾರುಗಳು ನಡೆಯುತ್ತಲೇ ಇದ್ದವು. ಅಣ್ಣ ಪೆಟ್ಟಿಗೆಯನ್ನು ತಳ್ಳುಗಾಡಿಯ ಮೇಲಿಟ್ಟು, ಉದ್ದ ವೈರು ಎಳೆಸಿ, ಚಹದಂಗಡಿಗೆ ಹೋಗಿ ಕೂರತೊಡಗಿದ. ಹೋಗುವಾಗಲೆಲ್ಲ ಗಾದಿಲಿಂಗಪ್ಪನ ಮನೆಯ ಮುಂದೆ ಗಾಡಿ ನಿಲ್ಲಿಸುತ್ತಾನೆ. ಸ್ವಲ್ಪ ನಿಂತು ಮುಂದೆ ಹೋಗುತ್ತಾನೆ.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಉಸಿರಾಫೀಸಿನ ವ್ಯಾನು ಬಂತು. ಅದರಿಂದ ಇಳಿದವನು ಹೊಸಬ, ನನ್ನ ಗುರುತಿಲ್ಲದವನು. ಕೈಯಲ್ಲಿ ಅಂಗೈಯಗಲದ ಯಂತ್ರ. ಹೊನ್ನೂರಪ್ಪ ಎನ್ನುವವರು ತೀರಿಕೊಂಡಿದ್ದಾರೆ, ಅವರ ಪೆಟ್ಟಿಗೆ ಒಯ್ಯಲು ಬಂದಿದ್ದೇನೆ ಅಂದ. ಪೆಟ್ಟಿಗೆ ಒಂದು ತಿಂಗಳು ಅಪ್ಪಣೆ ತೆಗೆದುಕೊಳ್ಳದಿದ್ದರೆ ಅದನ್ನು ಬಳಸುವವನು ಸತ್ತನೆಂದು ಕೇಂದ್ರ ತಿಳಿಯುತ್ತದೆ. ಬೇರೆ ಹೇಗೆ ತಿಳಿಯಬೇಕು, ಪಾಪ. ಅಪ್ಪಣೆ ಇಲ್ಲದೆ ಬದುಕಿರುವುದು ಅದರ ಲೆಕ್ಕದಲ್ಲೇ ಇಲ್ಲ.

ಅಣ್ಣ ಹೊಸ್ತಿಲ ಮೇಲೆ ಕೂತಿದ್ದ, ಮೂಗಿನಲ್ಲಿ ನಳಿಕೆ. ವ್ಯಾನಿನೊಳಗೆ ಬಗ್ಗಿ ನೋಡಿದ. ಅಲ್ಲಿ ಇನ್ನೊಂದು ಪೆಟ್ಟಿಗೆ ಇತ್ತು, ಕಸೂತಿ ಬಟ್ಟೆಯ ಸಮೇತ.

"ಹಿಂದಿನ ಓಣ್ಯಾಗಿಂದು. ಆ ಮನಿಯೋರು ಭಾಳ ಚೊಲೊ ಇಟ್ಕೊಂಡಾರ ನೋಡ್ರಿ, ಸೀಲು ಸೈತ ಒಡದಿಲ್ಲ," ಅಂದ ಆ ಮನುಷ್ಯ.

ಅಣ್ಣನ ಮುಖ ನೋಡಲಾಗಲಿಲ್ಲ ನನಗೆ. ಅವನು ಬೈಯುತ್ತಾನೆ, ಹೊಡೆಯುತ್ತಾನೆ ಅಂದುಕೊಂಡೆ. ಅವನು ಎದ್ದು, ನಳಿಕೆ ಎಟುಕುವಷ್ಟು ದೂರ ಬಂದು ನಿಂತ. ಸತ್ತವರ ಕಡೆಯವರು ಯಾರಾದರೂ ಹೆಬ್ಬೆಟ್ಟು ಒತ್ತಬೇಕು ಎಂದು ಆ ಮನುಷ್ಯ ಯಂತ್ರ ಮುಂದೆ ಚಾಚಿದ.

"ನಾನಽ ಅವನ ಕಡ್ಯಾವ," ಅಂದ ಅಣ್ಣ. ಹೆಬ್ಬೆಟ್ಟು ಒತ್ತಿದ.

ಯಂತ್ರ ಒಂದು ಗಳಿಗೆ ಯೋಚಿಸಿತು. ಆ ಮನುಷ್ಯ ಅದನ್ನು ನೋಡಿದ, ಅಣ್ಣನನ್ನು ನೋಡಿದ, ಮತ್ತೆ ಅದನ್ನು ನೋಡಿದ. ಬೆರಳಿನಿಂದ ತಟ್ಟಿದ. ಏನು ಬಂದಿದೆ ಎಂದು ನಾನು ಕೇಳಿದೆ. ಅವನು ತಿರುಗಿಸಿ ತೋರಿಸಿದ. ಈ ಹೆಬ್ಬೆಟ್ಟು ಮೃತ ವ್ಯಕ್ತಿಯದು, ಕೇಂದ್ರದ ಅಪ್ಪಣೆಗಾಗಿ ಕಾಯಿರಿ.

ಏನು ಮಾಡಲಿ ಈಗ ಎಂದು ಅವನು ನನ್ನನ್ನು ಕೇಳಿದ. ಪೆಟ್ಟಿಗೆ ಒಯ್ಯಲು ಅವನಿಗೆ ಅಪ್ಪಣೆ ಬೇಕಿತ್ತು, ವಾಪಸು ಹೋಗಲೂ ಬೇಕಿತ್ತು. ಅಣ್ಣ ಒಂದು ದೊಡ್ಡ ಉಸಿರು ಎಳೆದುಕೊಂಡ.

"ಕಾಯಿ," ಅಂದ.

ಅವನು ವ್ಯಾನಿಗೆ ಒರಗಿ ನಿಂತ. ಬಿಸಿಲೇರುತ್ತಿತ್ತು. ಯರ್ರಮ್ಮ ಅವನಿಗೆ ಒಂದು ಚೊಂಬು ನೀರು ಕೊಟ್ಟು ಒಳಗೆ ಬಂದು ಬಾಗಿಲು ಹಾಕಿಕೊಂಡಳು.